ಓದುಗರ ಪ್ರಶ್ನೆ: ಸ್ನೇಹ ಚೆನ್ನಾಗಿರುವಾಗಲೇ ಕರಾರು ಪತ್ರ ಮಾಡಿಸಿ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ದಾವಣಗೆರೆ, ಚಿತ್ರದುರ್ಗ ಕಡೆಯ ಸಣ್ಣ ಉದ್ದಿಮೆದಾರರದು. ಹೋಟೆಲ್, ಬಟ್ಟೆ ಅಂಗಡಿ, ಎಣ್ಣೆ ಮಿಲ್, ರೊಟ್ಟಿ ಮಾಡುವವರು. ಹೆಚ್ಚುಕಡಿಮೆ ಎಲ್ಲ ಪತ್ರದಲ್ಲೂ ಒಂದು ಮಾತು ಬಂದೇ ಬರುತ್ತದೆ: "ಬಾಯಿಮಾತಲ್ಲೇ ಮಾಡಿಕೊಂಡಿದ್ವಿ ಮೇಡಂ." ಬರೆದವರ ಹೆಸರು ಬಿಟ್ಟಿದ್ದೇನೆ. ಉದ್ದ ಪತ್ರಗಳನ್ನು ಚುಟುಕು ಮಾಡಿದ್ದೇನೆ.

ಪ್ರಶ್ನೆ: ನಾನು, ನನ್ನ ಗೆಳೆಯ ಸೇರಿ ಪಿ.ಜೆ. ಬಡಾವಣೆಯಲ್ಲಿ ಬೆಣ್ಣೆ ದೋಸೆ ಹೋಟೆಲ್ ಹಾಕಿ ಮೂರು ವರ್ಷ ಆಯ್ತು. ನಾನು 8 ಲಕ್ಷ ಹಾಕಿದ್ದೇನೆ, ಅವನು 3 ಲಕ್ಷ. ಒಲೆ ಮುಂದೆ ನಿಲ್ಲೋದು ಅವನು, ಗಲ್ಲಾ ನೋಡೋದು ನಾನು. ಪತ್ರ ಏನೂ ಮಾಡಿಸಿಲ್ಲ. ಬಾಡಿಗೆ ಕರಾರು ನನ್ನ ಹೆಸರಲ್ಲಿದೆ, ಫೋನ್‌ಪೇ ದುಡ್ಡು ಅವನ ಖಾತೆಗೆ ಹೋಗುತ್ತೆ. ಈಗ ಬೇರೆ ಆಗ್ತೀನಿ, ಅರ್ಧ ಪಾಲು ಕೊಡು, ಹೋಟೆಲ್ ಹೆಸರೂ ನನಗೇ ಬೇಕು ಅಂತಿದ್ದಾನೆ. ಪತ್ರವೇ ಇಲ್ಲದ ಮೇಲೆ ಅವನು ಪಾಲುದಾರ ಹೇಗಾಗ್ತಾನೆ?
(ದಾವಣಗೆರೆ)

ಉತ್ತರ: ಆಗುತ್ತಾರೆ. ಪತ್ರ ಇಲ್ಲದಿದ್ದರೂ ಪಾಲುದಾರಿಕೆ ಪಾಲುದಾರಿಕೆಯೇ. 1932ರ ಪಾಲುದಾರಿಕೆ ಕಾಯ್ದೆ ನೋಡುವುದು ಇಷ್ಟೇ: ಇಬ್ಬರೂ ಸೇರಿ ವ್ಯಾಪಾರ ಮಾಡಿದಿರಾ, ಲಾಭ ಹಂಚಿಕೊಳ್ಳೋಣ ಅಂತ ಒಪ್ಪಿಕೊಂಡಿದ್ದಿರಾ? ಆ ಒಪ್ಪಿಗೆ ಬಾಯಿಮಾತಿನದ್ದಾದರೂ ಸಾಕು.

ನಿಮಗೆ ಬೇಜಾರಾಗುವ ಮಾತು ಮುಂದಿದೆ. ಲಾಭದ ಪಾಲು ಎಷ್ಟೆಷ್ಟು ಅಂತ ಒಪ್ಪಂದ ಇಲ್ಲದಿದ್ದರೆ ಕಾಯ್ದೆಯ 13ನೇ ಕಲಂ ಪ್ರಕಾರ ಎಲ್ಲರಿಗೂ ಸಮಪಾಲು. ನೀವು 8 ಹಾಕಿ ಅವರು 3 ಹಾಕಿದ್ದು ಲಾಭದ ಪಾಲಿಗೆ ಲೆಕ್ಕಕ್ಕೆ ಬರುವುದಿಲ್ಲ. ನಷ್ಟವೂ ಹಾಗೇ, ಅರ್ಧ ಅರ್ಧ. ಅದೇ ಕಲಂ ಇನ್ನೊಂದು ಮಾತೂ ಹೇಳುತ್ತದೆ: ಒಪ್ಪಂದ ಇಲ್ಲದೆ ಯಾವ ಪಾಲುದಾರನೂ ದುಡಿಮೆಗೆ ಅಂತ ಬೇರೆ ಸಂಬಳ ಕೇಳುವ ಹಾಗಿಲ್ಲ. ಹಾಗಾಗಿ ಮೂರು ವರ್ಷ ಹೊಗೆ ಕುಡಿದೆ, ಅದರ ಕೂಲಿ ಬೇರೆ ಕೊಡು ಅಂತ ಅವರೂ ಕೇಳಲಾಗದು.

ಆದರೆ ಒಪ್ಪಂದ ಅಂದರೆ ಬರೆದದ್ದೇ ಆಗಬೇಕಿಲ್ಲ. ಮೂರು ವರ್ಷ ನೀವಿಬ್ಬರೂ ಹೇಗೆ ನಡೆದುಕೊಂಡಿರಿ ಅನ್ನುವುದೂ ಒಪ್ಪಂದಕ್ಕೆ ಸಾಕ್ಷಿ. ಪ್ರತಿ ತಿಂಗಳು ನಿಮಗೆ ಎಪ್ಪತ್ತು, ಅವರಿಗೆ ಮೂವತ್ತು ಅಂತ ಹಂಚಿಕೊಂಡಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟು, ವಾಟ್ಸಾಪ್‌ನಲ್ಲಿ ಕಳಿಸಿದ ಲೆಕ್ಕ, ಗಲ್ಲಾ ಪುಸ್ತಕ ಎಲ್ಲ ಈಗಲೇ ಒಂದು ಕಡೆ ಸೇರಿಸಿ. ಫೋನ್ ಬದಲಾಯಿಸಿ ಮೆಸೇಜ್ ಕಳೆದುಕೊಳ್ಳಬೇಡಿ. ನಿಮ್ಮ ಕೈಯಲ್ಲಿರುವ ಪತ್ರ ಅಂದರೆ ಸದ್ಯಕ್ಕೆ ಅದೇ.

ಬೇರೆಯಾಗುವುದು ಹೇಗೆ? ಇಷ್ಟು ವರ್ಷ ಅಂತ ಅವಧಿ ಗೊತ್ತುಮಾಡಿಲ್ಲ ಅಲ್ವಾ, ಹಾಗಾಗಿ ಇಬ್ಬರಲ್ಲಿ ಯಾರಾದರೂ ಲಿಖಿತ ನೋಟಿಸ್ ಕೊಟ್ಟು ಸಂಸ್ಥೆಯನ್ನು ವಿಸರ್ಜನೆ ಮಾಡಬಹುದು. ಆಮೇಲೆ ಲೆಕ್ಕ ತೀರಿಸುವುದಕ್ಕೆ ಒಂದು ಕ್ರಮ ಇದೆ. ಮೊದಲು ಹೊರಗಿನ ಸಾಲ: ಬೆಣ್ಣೆ ಕೊಟ್ಟವರು, ದಿನಸಿ ಅಂಗಡಿ, ಬ್ಯಾಂಕು. ಆಮೇಲೆ ಬಂಡವಾಳದ ಆಚೆಗೆ ಯಾರಾದರೂ ಹೋಟೆಲಿಗೆ ಕೈಸಾಲ ಕೊಟ್ಟಿದ್ದರೆ ಅದು. ಅದಾದ ಮೇಲೆ ಬಂಡವಾಳ. ಕೊನೆಗೆ ಉಳಿದದ್ದು ಲಾಭದ ಪಾಲಿನ ಪ್ರಕಾರ. ಅಂದರೆ "ಅರ್ಧ ಕೊಡು" ಅನ್ನುವ ಮಾತು ಕೊನೆಯ ಮೆಟ್ಟಿಲಿನದು. ನಿಮ್ಮ 8 ಲಕ್ಷ, ಅವರ 3 ಲಕ್ಷ ಅದಕ್ಕಿಂತ ಮೊದಲೇ ಲೆಕ್ಕಕ್ಕೆ ಬರಬೇಕು. ಇದನ್ನು ಅವರಿಗೂ ಸಮಾಧಾನವಾಗಿ ಹೇಳಿ, ಅರ್ಧ ಜಗಳ ಇಲ್ಲೇ ಕಡಿಮೆಯಾಗಬಹುದು.

ನೋಂದಣಿ ಮಾಡಿಸದ ಪಾಲುದಾರಿಕೆಗೆ ಒಂದು ದೊಡ್ಡ ತೊಡಕಿದೆ. 69ನೇ ಕಲಂ ಪ್ರಕಾರ ಒಪ್ಪಂದದ ಹಕ್ಕಿಗಾಗಿ ಪಾಲುದಾರ ಇನ್ನೊಬ್ಬ ಪಾಲುದಾರನ ಮೇಲೆ ದಾವೆ ಹಾಕಲಾಗದು, ಸಂಸ್ಥೆ ಹೊರಗಿನವರ ಮೇಲೂ ಹಾಕಲಾಗದು. ನಿಮ್ಮ ಪುಣ್ಯಕ್ಕೆ, ಸಂಸ್ಥೆಯನ್ನು ವಿಸರ್ಜಿಸಿ ಲೆಕ್ಕ ಕೊಡಿಸಿ ಅಂತ ಕೇಳುವ ಬಾಗಿಲು ಮಾತ್ರ ತೆರೆದೇ ಇದೆ. ಆದರೂ ಕೋರ್ಟಿಗಿಂತ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ರಾಜಿ ಸಂಧಾನ ಕೇಳಿ. ಲೋಕ ಅದಾಲತ್‌ನಲ್ಲಿ ಕೋರ್ಟ್ ಶುಲ್ಕ ಇಲ್ಲ, ಅಲ್ಲಿ ಬರೆದ ರಾಜಿಗೆ ಕೋರ್ಟ್ ಡಿಕ್ರಿಯ ಬಲ ಇದೆ.

ಬಿಡಿಸಿಕೊಂಡ ಮೇಲೆ ಸುಮ್ನೆ ಇರಬೇಡಿ. ಹೊರಗಿನವರಿಗೆ ನೀವಿಬ್ಬರೂ ಇನ್ನೂ ಪಾಲುದಾರರೇ. ಹೋಟೆಲಿನ ಹೆಸರಿನಲ್ಲಿ ಅವರು ನಾಳೆ ಸಾಲ ತಂದರೆ ಪೂರ್ತಿ ಹಣವನ್ನು ನಿಮ್ಮೊಬ್ಬರಿಂದಲೇ ಕೇಳಬಹುದು. ಅದಕ್ಕೇ ವಿಸರ್ಜನೆಯ ಸಾರ್ವಜನಿಕ ಪ್ರಕಟಣೆ ಬೇಕು. ರಾಜ್ಯಪತ್ರದಲ್ಲಿ (ಗೆಜೆಟ್) ಮತ್ತು ಈ ಕಡೆ ಓಡಾಡುವ ಒಂದು ಕನ್ನಡ ಪತ್ರಿಕೆಯಲ್ಲಿ ಕೊಡಿಸಿ.

ಹೆಸರಿನ ವಿಷಯ. "ದಾವಣಗೆರೆ ಬೆಣ್ಣೆ ದೋಸೆ" ಅನ್ನುವ ಮೂರು ಪದ ಯಾರ ಸ್ವತ್ತೂ ಅಲ್ಲ. ಒಂದು ಊರು, ಒಂದು ತಿಂಡಿ, ಅಷ್ಟೇ. ಅದರ ಜೊತೆ ನೀವಿಟ್ಟ ವಿಶೇಷ ಹೆಸರು, ಚಿತ್ರ ಇದ್ದರೆ ಮಾತ್ರ ಟ್ರೇಡ್‌ಮಾರ್ಕ್ ಮಾಡಿಸಬಹುದು. ಒಬ್ಬ ವ್ಯಕ್ತಿಯ ಹೆಸರಲ್ಲಿ ಅಥವಾ ಸಣ್ಣ ಉದ್ದಿಮೆಯ ಹೆಸರಲ್ಲಿ ಆನ್‌ಲೈನ್ ಅರ್ಜಿಗೆ ಶುಲ್ಕ 4,500 ರೂಪಾಯಿ. ನೋಂದಣಿ 10 ವರ್ಷ ಬರುತ್ತದೆ, ಆಮೇಲೆ ನವೀಕರಣ. ಈಗಿರುವ ಹೆಸರು ಇಬ್ಬರ ಸೊತ್ತು. ಅದನ್ನು ಯಾರು ಇಟ್ಟುಕೊಳ್ಳಬೇಕು, ಇನ್ನೊಬ್ಬರಿಗೆ ಅದಕ್ಕೆಷ್ಟು ಕೊಡಬೇಕು ಅನ್ನುವುದನ್ನು ಬಿಡುಗಡೆ ಪತ್ರದಲ್ಲೇ ಬರೆಸಿ.

ಒಂದು ಮಾತು ನೀವು ಕೇಳಿಲ್ಲ, ಆದರೂ ಹೇಳಬೇಕು. ಹೋಟೆಲಿಗೆ ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. 40 ಲಕ್ಷದ ಮಿತಿ ಬರೀ ಸರಕು ಮಾರುವವರಿಗೆ, ಹೋಟೆಲಿಗಲ್ಲ. ದಿನಕ್ಕೆ 6 ಸಾವಿರ ವ್ಯಾಪಾರ ಅಂದರೂ ವರ್ಷಕ್ಕೆ 21 ಲಕ್ಷ ಮೇಲಾಗುತ್ತದೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆಯವರು ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿದ್ದು, ರಾಜ್ಯದ ತುಂಬಾ ಗಲಾಟೆ ಆಗಿದ್ದು ನೆನಪಿದೆಯಲ್ಲ. ಹೋಟೆಲಿನ ದುಡ್ಡು ನಿಮ್ಮ ಗೆಳೆಯರ ಸ್ವಂತ ಖಾತೆಗೆ ಹೋಗುತ್ತಿದ್ದರೆ ನೋಟಿಸ್ ಅವರ ಹೆಸರಿಗೇ ಬರುತ್ತದೆ, ಆಗ ಜಗಳ ಇನ್ನೂ ದೊಡ್ಡದಾಗುತ್ತದೆ. ವಹಿವಾಟು ಒಂದೂವರೆ ಕೋಟಿಯ ಒಳಗಿದ್ದರೆ ಕಾಂಪೋಸಿಷನ್ ಪದ್ಧತಿ (ವಹಿವಾಟಿನ ಮೇಲೆ ನೇರವಾಗಿ ಇಷ್ಟು ಅಂತ ತೆರಿಗೆ ಕಟ್ಟುವ ಸರಳ ದಾರಿ) ಇದೆ, ಹೋಟೆಲಿಗೆ 5% ತೆರಿಗೆ. ಆದರೆ ಅದನ್ನು ಗಿರಾಕಿಯ ಬಿಲ್ಲಿಗೆ ಸೇರಿಸುವಂತಿಲ್ಲ. ಬೇರೆಯಾಗುವ ಮೊದಲೇ ಇಬ್ಬರೂ ಒಟ್ಟಿಗೆ ಒಬ್ಬ ತೆರಿಗೆ ಸಲಹೆಗಾರರ ಹತ್ತಿರ ಕೂತು ಈ ಲೆಕ್ಕ ಮುಗಿಸಿ.

ಪ್ರಶ್ನೆ: ನಮ್ಮದು ಶಾಲಾ ಸಮವಸ್ತ್ರ ಹೊಲಿಯುವ ಸಣ್ಣ ಘಟಕ. ಪುಣೆಯ ಒಂದು ಕಂಪನಿಗೆ ಮಾಲು ಕಳಿಸಿ ಏಳು ತಿಂಗಳಾಯ್ತು. 3 ಲಕ್ಷ 80 ಸಾವಿರ ಬಾಕಿ. ಕೇಳಿ ಕೇಳಿ ಸಾಕಾಗಿ ಕೊನೆಗೆ 1 ಲಕ್ಷಕ್ಕೆ ಚೆಕ್ ಕೊಟ್ಟರು, ಅದೂ ಹೋದ ವಾರ ಬೌನ್ಸ್ ಆಯ್ತು. "ಪುಣೆಗೆ ಬಂದು ಕೇಸ್ ಹಾಕಿ ನೋಡೋಣ" ಅಂತಾರೆ. ಉದ್ಯಮ್ ಸರ್ಟಿಫಿಕೇಟ್ (ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ಮಾಡಿಸಿದ ನೋಂದಣಿ) ಇದೆ.
(ದಾವಣಗೆರೆ)

ಉತ್ತರ: ಪುಣೆಗೆ ಹೋಗುವ ಅಗತ್ಯವೇ ಇಲ್ಲ. ನಿಮ್ಮ ಕೈಯಲ್ಲಿ ಎರಡು ದಾರಿ ಇವೆ, ಎರಡೂ ಇಲ್ಲಿಂದಲೇ.

ಮೊದಲು ಚೆಕ್, ಯಾಕೆಂದರೆ ಅದರ ಗಡುವು ಓಡುತ್ತಿದೆ. ಬ್ಯಾಂಕಿನಿಂದ ಬೌನ್ಸ್ ಮೆಮೊ ಬಂದ 30 ದಿನದೊಳಗೆ ಲಿಖಿತ ನೋಟಿಸ್ ಹೋಗಬೇಕು. ನೋಟಿಸ್ ತಲುಪಿದ ಮೇಲೆ ಅವರಿಗೆ 15 ದಿನ ಟೈಮ್. ಕೊಡದಿದ್ದರೆ ಅದರ ಮುಂದಿನ ಒಂದು ತಿಂಗಳೊಳಗೆ ದೂರು. ಇದು ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ. "ಇನ್ನೊಂದು ಸಲ ಹಾಕಿ, ಈ ಸಲ ಪಾಸ್ ಆಗುತ್ತೆ" ಅಂತ ಅವರು ನಯವಾಗಿ ಮಾತಾಡುತ್ತಾ ದಿನ ತಳ್ಳುತ್ತಾರೆ. ಆ ಮಾತಿಗೆ ಮರುಳಾಗಬೇಡಿ. ಮೆಮೊ ಬಂದ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಈ ವಾರವೇ ನೋಟಿಸ್ ಕಳಿಸಿ. 2015ರ ತಿದ್ದುಪಡಿ ಆದಮೇಲೆ ಚೆಕ್ ಹಾಕಿದ ನಿಮ್ಮ ಬ್ಯಾಂಕ್ ಶಾಖೆ ಎಲ್ಲಿದೆಯೋ ಅಲ್ಲಿನ ಕೋರ್ಟಿನಲ್ಲೇ ದೂರು ಹಾಕಬೇಕು. ಅಂದರೆ ದಾವಣಗೆರೆಗೆ ಬರಬೇಕಾದವರು ಅವರು. ತಪ್ಪು ಸಾಬೀತಾದರೆ ಎರಡು ವರ್ಷದವರೆಗೆ ಜೈಲು, ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಇಲ್ಲವೇ ಎರಡೂ. ಕೇಸ್ ನಡೆಯುವಾಗಲೇ ಚೆಕ್ ಮೊತ್ತದ 20 ಪರ್ಸೆಂಟ್‌ವರೆಗೆ ಮಧ್ಯಂತರ ಪರಿಹಾರ ಕೊಡಿಸಿ ಅಂತಲೂ ಕೇಳಬಹುದು.

ಉಳಿದ ಬಾಕಿಗೆ 2006ರ ಎಂಎಸ್‌ಎಂಇಡಿ ಕಾಯ್ದೆ, ಅಂದರೆ ಅತಿಸಣ್ಣ, ಸಣ್ಣ, ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆ. ಸಣ್ಣ ತಯಾರಕರಿಗೆ ಇದಕ್ಕಿಂತ ಗಟ್ಟಿ ಕಾನೂನು ಇನ್ನೊಂದಿಲ್ಲ ಅಂತ ನನ್ನ ಅನಿಸಿಕೆ, ಆದರೂ ಬಳಸುವವರು ಕಡಿಮೆ. ಮಾಲು ತಗೊಂಡವರು ಒಪ್ಪಂದದ ದಿನದೊಳಗೆ ಹಣ ಕೊಡಬೇಕು. ಒಪ್ಪಂದ ಏನೇ ಇದ್ದರೂ 45 ದಿನ ಮೀರುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕ್ ಗೊತ್ತುಮಾಡಿದ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳಿಗೆ ಚಕ್ರಬಡ್ಡಿ. ಇದಕ್ಕೆಂದೇ ಇರುವ ಕೇಂದ್ರ ಸರ್ಕಾರದ ಆನ್‌ಲೈನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದರೆ ಅದು ನಮ್ಮ ರಾಜ್ಯದ ಫೆಸಿಲಿಟೇಷನ್ ಕೌನ್ಸಿಲ್‌ಗೆ (ಇಂಥ ಬಾಕಿ ಜಗಳ ಬಿಡಿಸುವ ಮಂಡಳಿ) ಹೋಗುತ್ತದೆ, ಕೊಳ್ಳುವವರು ದೇಶದ ಯಾವ ಮೂಲೆಯಲ್ಲಿದ್ದರೂ ಸರಿ. ಮೊದಲು ರಾಜಿ ಪ್ರಯತ್ನ, ಆಗದಿದ್ದರೆ ಮಧ್ಯಸ್ಥಿಕೆ ತೀರ್ಪು. ಆ ತೀರ್ಪಿನ ವಿರುದ್ಧ ಅವರು ಕೋರ್ಟಿಗೆ ಹೋಗಬೇಕಾದರೆ ಮೊದಲು ತೀರ್ಪಿನ ಮೊತ್ತದ 75 ಪರ್ಸೆಂಟ್ ಠೇವಣಿ ಇಡಬೇಕು. ದೊಡ್ಡ ಕಂಪನಿಗಳು ಹೆದರುವುದು ಈ ಒಂದು ಸಾಲಿಗೆ.

ಎರಡು ವಿಷಯ ನೋಡಿಕೊಳ್ಳಿ. ಉದ್ಯಮ್ ನೋಂದಣಿ ಮಾಲು ಕಳಿಸುವ ಮೊದಲೇ ಆಗಿತ್ತಾ? ಆಗಿದ್ದರೆ ನಿಮ್ಮ ಕೇಸ್ ಗಟ್ಟಿ. ಮಾಲು ತಲುಪಿದ್ದಕ್ಕೆ ಸಹಿ ಮಾಡಿದ ಚಲನ್, ಲಾರಿ ರಸೀದಿ, ಇನ್‌ವಾಯ್ಸ್ ಇದೆಯಾ? ಇದನ್ನು ಓದುವ ಬೇರೆಯವರಿಗೂ ಒಂದು ಮಾತು: ಉದ್ಯಮ್ ನೋಂದಣಿ ಪೂರ್ತಿ ಉಚಿತ, ಆಧಾರ್, ಪ್ಯಾನ್ ಇದ್ದರೆ ಮೊಬೈಲಿನಲ್ಲೇ ಆಗುತ್ತದೆ. ಅದಕ್ಕೆ ಸಾವಿರಾರು ರೂಪಾಯಿ ಕೇಳುವವರನ್ನು ನಂಬಬೇಡಿ. ಆದರೆ ಬರೀ ತಂದು ಮಾರುವ ವ್ಯಾಪಾರಿಗಳಿಗೆ ಈ 45 ದಿನದ ರಕ್ಷಣೆ ಸಿಗುವುದಿಲ್ಲ. ತಯಾರಿಸುವವರಿಗೆ, ಸೇವೆ ಕೊಡುವವರಿಗೆ ಮಾತ್ರ.

ಪ್ರಶ್ನೆ: ಲಕ್ಷ್ಮೀ ಬಜಾರಿನಲ್ಲಿ ನಮ್ಮ ಬಟ್ಟೆ ಅಂಗಡಿ, ಹನ್ನೆರಡು ಜನ ಕೆಲಸಕ್ಕಿದ್ದಾರೆ. ನಾಲ್ಕು ವರ್ಷದಿಂದ ಇದ್ದ ಹುಡುಗ ಹಬ್ಬಕ್ಕೆ ಅಂತ ಊರಿಗೆ ಹೋದವನು ಹತ್ತು ದಿನ ಬರಲಿಲ್ಲ, ಫೋನೂ ತೆಗೀಲಿಲ್ಲ. ಬಂದ ದಿನ ಸಿಟ್ಟಲ್ಲಿ "ನಾಳೆಯಿಂದ ಬರಬೇಡ" ಅಂದೆ. 25 ಸಾವಿರ ಮುಂಗಡ ಬೇರೆ ತಗೊಂಡಿದ್ದಾನೆ. ಅದನ್ನು ತೀರಿಸೋವರೆಗೂ ಬಾಕಿ ಸಂಬಳ ಕೊಡಲ್ಲ ಅಂದಿದ್ದೇನೆ. ಲೇಬರ್ ಆಫೀಸಿಗೆ ಹೋಗ್ತೀನಿ ಅಂತಿದ್ದಾನೆ. ಏನಾದ್ರೂ ಆಗುತ್ತಾ?
(ಚಿತ್ರದುರ್ಗ)

ಉತ್ತರ: ಆಗುತ್ತದೆ, ಅವರು ದೂರು ಕೊಟ್ಟರೆ ನಿಮಗೇ ಕಷ್ಟ.

ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರ 39ನೇ ಕಲಂ ಓದಿ. ಆರು ತಿಂಗಳು ಸತತ ಕೆಲಸ ಮಾಡಿದವರನ್ನು ತೆಗೆಯಬೇಕಾದರೆ ಸರಿಯಾದ ಕಾರಣ ಬೇಕು, ಒಂದು ತಿಂಗಳ ನೋಟಿಸ್ ಬೇಕು, ಇಲ್ಲವೇ ನೋಟಿಸ್ ಬದಲು ಒಂದು ತಿಂಗಳ ಸಂಬಳ ಕೊಡಬೇಕು. ದುರ್ನಡತೆ ಅಂತ ನೋಟಿಸ್ ಇಲ್ಲದೆ ತೆಗೆಯಬಹುದು, ಆದರೆ ಅದಕ್ಕೆ ವಿಚಾರಣೆ ನಡೆಸಿ ತಪ್ಪು ಸಾಬೀತು ಮಾಡಬೇಕು. ಸಿಟ್ಟಲ್ಲಿ ಅಂದ ಮಾತು ವಿಚಾರಣೆ ಆಗುವುದಿಲ್ಲ.

ಇನ್ನು ಆ ಹತ್ತು ದಿನ. ಇದೇ ಕಾಯ್ದೆಯಲ್ಲಿ ಪ್ರತಿ 20 ದಿನದ ಕೆಲಸಕ್ಕೆ ಒಂದು ದಿನ ಸಂಬಳ ಸಹಿತ ರಜೆ ಇದೆ. ವರ್ಷಕ್ಕೆ 280 ದಿನ ದುಡಿದಿದ್ದರೆ 14 ದಿನ ಆಯಿತು. ನಾಲ್ಕು ವರ್ಷದಲ್ಲಿ ಅವರಿಗೆ ಎಷ್ಟು ರಜೆ ಕೊಟ್ಟಿದ್ದೀರಿ, ಪುಸ್ತಕದಲ್ಲಿ ಬರೆದಿದ್ದೀರಾ? ಹೇಳದೆ ಹೋದದ್ದು ತಪ್ಪೇ, ಒಪ್ಪುತ್ತೇನೆ. ಆದರೆ ರಜೆಯ ಲೆಕ್ಕವೇ ಇಲ್ಲದ ಅಂಗಡಿಯ ಮಾಲೀಕರು "ರಜೆ ಹಾಕಿದ" ಅಂತ ದೂರಿದರೆ ಅಧಿಕಾರಿಗಳು ಮೊದಲು ಕೇಳುವುದು ಆ ಲೆಕ್ಕವನ್ನೇ. ನೇಮಕಾತಿ ಆದೇಶವನ್ನೂ ಕೇಳುತ್ತಾರೆ. ಕೆಲಸಕ್ಕೆ ಸೇರಿದ 30 ದಿನದೊಳಗೆ ಅದನ್ನು ಕೊಡಬೇಕು ಅಂತ ಈ ಕಾಯ್ದೆಯಲ್ಲೇ ಇದೆ. ಒಂದು ಪುಟ ಸಾಕು: ಹೆಸರು, ಕೆಲಸ, ಸಂಬಳ, ಕೆಲಸದ ಹೊತ್ತು, ರಜೆ, ಬಿಡುವಾಗ ಎಷ್ಟು ದಿನ ಮೊದಲು ಹೇಳಬೇಕು ಅನ್ನುವುದು.

ಬಾಕಿ ಸಂಬಳ ಹಿಡಿದಿಡಬೇಡಿ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ, 29 ಹಳೇ ಕಾಯ್ದೆಗಳು ಇವುಗಳಲ್ಲಿ ಸೇರಿಹೋಗಿವೆ. ಅದರಲ್ಲಿ ವೇತನ ಸಂಹಿತೆ ಹೇಳುವ ಪ್ರಕಾರ ಕೆಲಸದಿಂದ ತೆಗೆದರೂ, ಅವರೇ ಬಿಟ್ಟರೂ ಎರಡು ಕೆಲಸದ ದಿನದೊಳಗೆ ಬಾಕಿ ಸಂಬಳ ಕೊಡಬೇಕು. ಮುಂಗಡವನ್ನು ಮುರಿದುಕೊಳ್ಳಬಹುದು, ಆದರೆ ಎಲ್ಲ ಕಡಿತ ಸೇರಿ ಸಂಬಳದ ಅರ್ಧ ಮೀರುವಂತಿಲ್ಲ. ಉಳಿದದ್ದು ಮಾಮೂಲಿ ಸಾಲ. ಬರೆಸಿಕೊಂಡು ಕಂತಿನಲ್ಲಿ ವಸೂಲಿ ಮಾಡಿ.

ಮುಂಗಡದ ಬಗ್ಗೆ ಇಲ್ಲಿ ಗಟ್ಟಿಯಾಗಿ ಹೇಳಬೇಕು. ನಮ್ಮ ಕಡೆ ಮಂಡಕ್ಕಿ ಭಟ್ಟಿ, ಇಟ್ಟಿಗೆ ಗೂಡು, ತೋಟ ಎಲ್ಲ ಕಡೆ ಮುಂಗಡ ಕೊಟ್ಟು ಜನರನ್ನು ಕಟ್ಟಿಹಾಕುವ ರೂಢಿ ಇದೆ. "ಸಾಲ ತೀರೋವರೆಗೂ ಬೇರೆ ಕಡೆ ಹೋಗಬೇಡ" ಅಂದರೆ ಅದು ಜೀತ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಲ್ಲಿ ಆ ಸಾಲವೇ ಅಳಿದುಹೋಗುತ್ತದೆ, ಮಾಡಿಸಿದವರಿಗೆ ಮೂರು ವರ್ಷದವರೆಗೆ ಜೈಲು. ಅಪ್ಪ ಮುಂಗಡ ತಗೊಂಡ ಅಂತ ಮಗನನ್ನು ಭಟ್ಟಿಗೆ ಕಳಿಸುವುದಂತೂ ಇನ್ನೂ ಘೋರ. 14 ವರ್ಷದೊಳಗಿನ ಮಗುವನ್ನು ದುಡಿಸಿದರೆ ಆರು ತಿಂಗಳಿಂದ ಎರಡು ವರ್ಷ ಜೈಲು, 20 ಸಾವಿರದಿಂದ 50 ಸಾವಿರದವರೆಗೆ ದಂಡ. ನೀವು ಹಾಗೆ ಮಾಡಿಲ್ಲ, ಗೊತ್ತು. ಆದರೆ ಮುಂಗಡಕ್ಕೂ ಕೆಲಸಕ್ಕೂ ಗಂಟು ಹಾಕುವ ಮಾತನ್ನು ಇವತ್ತೇ ಬಿಟ್ಟುಬಿಡಿ.

ನನ್ನ ಸಲಹೆ ಕೇಳಿದರೆ, ಆ ಹುಡುಗನನ್ನು ಕರೆದು ಮಾತಾಡಿ. ವಾಪಸ್ ತಗೊಳ್ಳುವ ಮನಸ್ಸಿದ್ದರೆ ಒಂದು ಎಚ್ಚರಿಕೆ ಪತ್ರ, ಒಂದು ನೇಮಕಾತಿ ಪತ್ರ ಕೊಟ್ಟು ಮುಂದುವರಿಸಿ. ಮನಸ್ಸಿಲ್ಲದಿದ್ದರೆ ಕಾರಣ ಬರೆದು, ಒಂದು ತಿಂಗಳ ಸಂಬಳ, ಉಳಿದ ರಜೆಯ ಹಣ ಕೊಟ್ಟು, ಕೆಲಸ ಮಾಡಿದ ಸರ್ಟಿಫಿಕೇಟ್ ಕೊಟ್ಟು ಕಳಿಸಿ. ಐದು ವರ್ಷ ಆಗಿಲ್ಲದ ಕಾರಣ ಗ್ರಾಚ್ಯುಟಿ ಪ್ರಶ್ನೆ ಬರುವುದಿಲ್ಲ. ಐದು ವರ್ಷ ದಾಟಿದ ಉಳಿದವರ ಲೆಕ್ಕ ಮಾತ್ರ ಈಗಿಂದಲೇ ಎತ್ತಿಡಿ: ಒಂದೊಂದು ವರ್ಷಕ್ಕೆ 15 ದಿನದ ಸಂಬಳ.

ಪ್ರಶ್ನೆ: ಹೊಸ ಅಂಗಡಿಗೆ ಇಂಗ್ಲಿಷ್ ಬೋರ್ಡ್ ಮಾಡಿಸಿಬಿಟ್ಟೆ. ತೆಗೆಸಬೇಕಾ?
(ಹೊಳಲ್ಕೆರೆ)

ಉತ್ತರ: ಬದಲಾಯಿಸಿ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಆದ ತಿದ್ದುಪಡಿ ಪ್ರಕಾರ ನಾಮಫಲಕದಲ್ಲಿ 60 ಪರ್ಸೆಂಟ್ ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಇಂಗ್ಲಿಷ್ ಕೆಳಗೆ ಇರಲಿ, ಬೇಡ ಅಂದವರಿಲ್ಲ. ಸ್ಥಳೀಯ ಸಂಸ್ಥೆಯ ಉದ್ದಿಮೆ ಪರವಾನಗಿ, ಅಂಗಡಿ ಶುರುವಾದ 30 ದಿನದೊಳಗೆ ಕಾರ್ಮಿಕ ಇಲಾಖೆಯ ನೋಂದಣಿ, ಇವೆರಡೂ ಆಗಿವೆಯಾ ಅಂತಲೂ ನೋಡಿಕೊಳ್ಳಿ.

ಪ್ರಶ್ನೆ: ವಿದ್ಯಾನಗರದಲ್ಲಿ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಕಂಪನಿ ನಮ್ಮದು. ಹುಡುಗರಿಗೆ ಆರು ತಿಂಗಳು ಕಲಿಸುತ್ತೇವೆ, ಕಲಿತ ಕೂಡಲೇ ಬೆಂಗಳೂರಿಗೆ ಓಡುತ್ತಾರೆ. ಎರಡು ವರ್ಷದ ಬಾಂಡ್ ಬರೆಸಿಕೊಂಡು, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಂಡು, ಬಿಟ್ಟ ಮೇಲೆ ಮೂರು ವರ್ಷ ಇದೇ ಕೆಲಸ ಬೇರೆಲ್ಲೂ ಮಾಡಬಾರದು ಅಂತ ಹಾಕಿದರೆ ಸರಿನಾ?
(ದಾವಣಗೆರೆ)

ಉತ್ತರ: ಮೂರರಲ್ಲಿ ಒಂದು ಸರಿ, ಎರಡು ತಪ್ಪು.

ಬಾಂಡ್ ಬರೆಸಿಕೊಳ್ಳಬಹುದು. 2025ರ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕಿನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿದಿದೆ. ಅಲ್ಲಿ ಮೂರು ವರ್ಷದ ಒಳಗೆ ಬಿಟ್ಟರೆ 2 ಲಕ್ಷ ಕೊಡಬೇಕು ಅಂತ ಇತ್ತು. ಕೆಲಸದಲ್ಲಿ ಇರುವಾಗಿನ ಷರತ್ತು ಅದು, ವ್ಯಾಪಾರಕ್ಕೆ ತಡೆಯಲ್ಲ ಅಂತ ಕೋರ್ಟು ಹೇಳಿತು. ಆದರೆ ಅದು ದೊಡ್ಡ ಸಂಬಳದ ಹುದ್ದೆ, ನೇಮಕಾತಿಗೆ ಬ್ಯಾಂಕು ಖರ್ಚು ಮಾಡಿತ್ತು. 15 ಸಾವಿರ ಸಂಬಳದ ಹುಡುಗನಿಂದ 2 ಲಕ್ಷ ಕೇಳಿದರೆ ಕೋರ್ಟು ಒಪ್ಪುವುದು ಕಷ್ಟ. 1872ರ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಬರೆದಷ್ಟೂ ಮೊತ್ತ ಸಿಗುವುದಿಲ್ಲ, ಅದರೊಳಗೆ ನ್ಯಾಯವಾದದ್ದು ಮಾತ್ರ. ಕಲಿಸುವುದಕ್ಕೆ ನಿಜವಾಗಿ ಏನು ಖರ್ಚಾಯಿತು ಅಂತ ಲೆಕ್ಕ ಇಡಿ. ಬಾಂಡ್ ಮೊತ್ತವನ್ನು ಅದರ ಹತ್ತಿರವೇ ಇಡಿ. ಕೆಲಸ ಮಾಡಿದ ತಿಂಗಳಿಗೆ ತಕ್ಕ ಹಾಗೆ ಅದು ಕಡಿಮೆಯಾಗುತ್ತಾ ಹೋಗಲಿ.

ಬಿಟ್ಟ ಮೇಲೆ ಬೇರೆಲ್ಲೂ ಈ ಕೆಲಸ ಮಾಡಬಾರದು ಅನ್ನುವ ಷರತ್ತು ಅದೇ ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ ಅನೂರ್ಜಿತ. ಬರೆದರೂ ಬರೆಯದಂತೆಯೇ. ಅದರ ಬದಲು ಗ್ರಾಹಕರ ಪಟ್ಟಿ, ಕೋಡ್, ಪಾಸ್‌ವರ್ಡ್ ಹೊರಗೆ ಕೊಂಡೊಯ್ಯಬಾರದು ಅನ್ನುವ ಗೌಪ್ಯತೆ ಷರತ್ತು ಹಾಕಿ. ಅದು ಕೆಲಸ ಬಿಟ್ಟ ಮೇಲೂ ನಿಲ್ಲುತ್ತದೆ.

ಮಾರ್ಕ್ಸ್ ಕಾರ್ಡ್ ದಯವಿಟ್ಟು ಇಟ್ಟುಕೊಳ್ಳಬೇಡಿ. ನೋಡಿ, ಜೆರಾಕ್ಸ್ ತಗೊಂಡು ವಾಪಸ್ ಕೊಡಿ. ಒಬ್ಬ ಹುಡುಗಿಯ ಹತ್ತು ಹದಿನೈದು ವರ್ಷದ ಓದು ಆ ಕಾಗದದಲ್ಲಿದೆ. ಅದನ್ನು ಒತ್ತೆ ಇಟ್ಟುಕೊಳ್ಳುವ ಹಕ್ಕು ಯಾವ ಮಾಲೀಕರಿಗೂ ಇಲ್ಲ, ಅದಕ್ಕಾಗಿ ಪೊಲೀಸ್ ದೂರೂ ಬರಬಹುದು.

ಪ್ರಶ್ನೆ: ನಮ್ಮದು ಶೇಂಗಾ ಎಣ್ಣೆ ಮಿಲ್. ಹೋದ ತಿಂಗಳು ಯಂತ್ರಕ್ಕೆ ಕೈ ಸಿಕ್ಕಿ ಒಬ್ಬನಿಗೆ ಎರಡು ಬೆರಳು ಹೋಯ್ತು. ವಯಸ್ಸು 30. ಅವನು ಗುತ್ತಿಗೆದಾರ ಕಳಿಸಿದ ಆಳು, ನಮ್ಮ ಪುಸ್ತಕದಲ್ಲಿ ಹೆಸರಿಲ್ಲ. ಆಸ್ಪತ್ರೆ ಖರ್ಚು ಕೊಟ್ಟು, ಇನ್ನೇನೂ ಕೇಳಲ್ಲ ಅಂತ ಬಾಂಡ್ ಪೇಪರಿನಲ್ಲಿ ಸಹಿ ಮಾಡಿಸಿಕೊಂಡಿದ್ದೇವೆ. ಸಾಕಲ್ವಾ?
(ಚಳ್ಳಕೆರೆ)

ಉತ್ತರ: ಸಾಲದು. ಪರಿಹಾರದ ಹಕ್ಕು ಬಿಟ್ಟುಕೊಡುತ್ತೇನೆ ಅಂತ ಕೆಲಸಗಾರ ಎಲ್ಲಿ ಸಹಿ ಮಾಡಿದರೂ ಅದಕ್ಕೆ ಬೆಲೆ ಇಲ್ಲ. ಹಳೇ 1923ರ ನೌಕರರ ಪರಿಹಾರ ಕಾಯ್ದೆಯಲ್ಲೂ ಹೀಗೇ ಇತ್ತು, ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಹೀಗೇ ಇದೆ.

ಗುತ್ತಿಗೆದಾರನ ಆಳು ಅನ್ನುವ ಮಾತೂ ನಿಲ್ಲುವುದಿಲ್ಲ. ನಿಮ್ಮ ಮಿಲ್ಲಿನಲ್ಲಿ, ನಿಮ್ಮ ಕಸುಬಿನ ಕೆಲಸ ಮಾಡುವಾಗ ಏಟಾದರೆ ಪರಿಹಾರ ಕೊಡಬೇಕಾದವರು ಮೊದಲು ನೀವು. ಆಮೇಲೆ ಗುತ್ತಿಗೆದಾರರಿಂದ ವಸೂಲಿ ಮಾಡಿಕೊಳ್ಳಿ. "ಅವನೇ ಅಜಾಗರೂಕತೆಯಿಂದ ಕೈ ಹಾಕಿದ" ಅಂದರೂ ಕೊಡಬೇಕು, ಸುಮ್ಮನೆ ಅಜಾಗರೂಕತೆ ಇಲ್ಲಿ ನೆಪವಾಗದು.

ಎಷ್ಟು ಅಂತ ಒಂದು ಅಂದಾಜು ಹೇಳುತ್ತೇನೆ. ತಿಂಗಳ ಕೂಲಿ 15,000 ಅಂತ ಹಿಡಿಯೋಣ. ಅದರ 60 ಪರ್ಸೆಂಟ್ 9,000. 30 ವರ್ಷ ವಯಸ್ಸಿಗೆ ಕಾನೂನಿನ ಪಟ್ಟಿಯಲ್ಲಿರುವ ಗುಣಕ 207.98. ಎರಡನ್ನೂ ಗುಣಿಸಿದರೆ 18,71,820 ರೂಪಾಯಿ. ಪೂರ್ತಿ ಅಂಗವಿಕಲತೆಗೆ ಇದು. ಒಂದು ಕೈಯ ಎರಡು ಬೆರಳು ಹೋದರೆ ದುಡಿಯುವ ಶಕ್ತಿಯ ನಷ್ಟ 20 ಪರ್ಸೆಂಟ್ ಅಂತ ಪಟ್ಟಿಯಲ್ಲಿದೆ. ಅಂದರೆ 3,74,364 ರೂಪಾಯಿ. ಆಸ್ಪತ್ರೆ ಖರ್ಚು ಇದರಲ್ಲಿ ಸೇರಿಲ್ಲ, ಅದು ಬೇರೆ. ಕೊಡಬೇಕಾದ ದಿನದಿಂದ ಒಂದು ತಿಂಗಳು ಮೀರಿದರೆ ವರ್ಷಕ್ಕೆ 12 ಪರ್ಸೆಂಟ್ ಬಡ್ಡಿ, ಕಾರಣವಿಲ್ಲದೆ ತಡಮಾಡಿದರೆ ಪರಿಹಾರದ ಅರ್ಧದವರೆಗೆ ದಂಡವೂ ಸೇರಬಹುದು.

ನಿಮ್ಮ ಮಿಲ್ಲಿಗೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಇದ್ದು, ಈ ವ್ಯಕ್ತಿಯ ಹೆಸರೂ ಅದರಲ್ಲಿದ್ದಿದ್ದರೆ ಈ ಪರಿಹಾರವನ್ನು ಇಎಸ್‌ಐ ನಿಗಮವೇ ಪಿಂಚಣಿ ರೂಪದಲ್ಲಿ ಕೊಡುತ್ತಿತ್ತು, ನಿಮ್ಮ ಮೇಲೆ ಭಾರ ಬೀಳುತ್ತಿರಲಿಲ್ಲ. ಹತ್ತು ಜನಕ್ಕಿಂತ ಕಡಿಮೆ ಇದ್ದರೆ ವಿಮಾ ಕಂಪನಿಗಳ ವರ್ಕ್‌ಮೆನ್ ಪಾಲಿಸಿ ಇದೆ. ಈಗ ಮಾಡಬೇಕಾದ್ದು: ಡಾಕ್ಟರಿಂದ ಅಂಗವಿಕಲತೆಯ ಸರ್ಟಿಫಿಕೇಟ್ ಮಾಡಿಸಿ, ಲೆಕ್ಕ ಹಾಕಿಸಿ, ಪರಿಹಾರ ಆಯುಕ್ತರ ಮುಂದೆ ಒಪ್ಪಂದವನ್ನು ನೋಂದಣಿ ಮಾಡಿಸಿ ಹಣ ಕೊಡಿ. ಆ ಯಂತ್ರಕ್ಕೆ ಕಾವಲು ಜಾಲರಿ ಹಾಕಿಸುವವರೆಗೂ ಅದನ್ನು ಓಡಿಸಬೇಡಿ. ಎರಡು ಬೆರಳು ಕಳೆದುಕೊಂಡವರಿಗೆ ಕೈಲಾಗುವ ಬೇರೆ ಕೆಲಸವನ್ನು ನಿಮ್ಮಲ್ಲೇ ಕೊಡಿ ಅಂತ ನನ್ನ ವಿನಂತಿ. ಇದನ್ನು ಕಾನೂನು ಹೇಳಿದ್ದಕ್ಕೆ ಕೇಳುತ್ತಿಲ್ಲ, ಆ ಮನೆ ನಡೆಯಬೇಕಲ್ಲ.

ಪ್ರಶ್ನೆ: ನಾವು ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡಿ ಮಾರುತ್ತೇವೆ. ಒಂಬತ್ತು ಜನ ಹೆಣ್ಣುಮಕ್ಕಳಿದ್ದಾರೆ. ಆರ್ಡರ್ ಜಾಸ್ತಿ ಬರ್ತಿದೆ, ಇನ್ನಿಬ್ಬರು ಬೇಕು. ಹತ್ತು ದಾಟಿದರೆ ಕಾನೂನಿನ ತಲೆನೋವು ಶುರು, ಒಂಬತ್ತಕ್ಕೇ ನಿಲ್ಲಿಸು, ಇಲ್ಲಾಂದ್ರೆ ತಂಗಿ ಹೆಸರಲ್ಲಿ ಇನ್ನೊಂದು ಘಟಕ ತೋರಿಸು ಅಂತ ನಮ್ಮ ಲೆಕ್ಕದವರು ಹೇಳ್ತಾರೆ.
(ಹರಿಹರ)

ಉತ್ತರ: ಧೈರ್ಯವಾಗಿ ತಗೊಳ್ಳಿ ತಾಯಿ. ಒಂದೇ ಒಲೆ, ಒಂದೇ ಗೋದಾಮು, ಒಂದೇ ಬ್ರಾಂಡ್ ಇಟ್ಟುಕೊಂಡು ಎರಡು ಹೆಸರು ತೋರಿಸಿದರೆ ಅಧಿಕಾರಿಗಳು ಎರಡನ್ನೂ ಒಂದೇ ಅಂತ ಸೇರಿಸಿ ಲೆಕ್ಕ ಹಾಕುತ್ತಾರೆ. ಹಳೇ ಬಾಕಿ, ಬಡ್ಡಿ, ದಂಡ ಎಲ್ಲ ಒಟ್ಟಿಗೆ ಬರುತ್ತದೆ. ದಿನಗೂಲಿಯವರೂ ಲೆಕ್ಕಕ್ಕೆ ಸೇರುತ್ತಾರೆ ಅನ್ನುವುದೂ ಗೊತ್ತಿರಲಿ.

ಹತ್ತಾದರೆ ಬರುವ ಖರ್ಚು ನಿಜಕ್ಕೂ ಎಷ್ಟು? ತಿಂಗಳಿಗೆ 21 ಸಾವಿರದವರೆಗೆ ಸಂಬಳ ಇರುವವರಿಗೆ ಇಎಸ್‌ಐ ಬರುತ್ತದೆ. ನಿಮ್ಮ ಪಾಲು 3.25%, ಅವರ ಪಾಲು 0.75%. ಸಂಬಳ 12 ಸಾವಿರ ಅಂದರೆ ನಿಮ್ಮದು 390 ರೂಪಾಯಿ, ಅವರದು 90 ರೂಪಾಯಿ. ಅದಕ್ಕೆ ಬದಲಾಗಿ ಮನೆಯವರಿಗೆಲ್ಲ ಚಿಕಿತ್ಸೆ, ಹುಷಾರಿಲ್ಲದಾಗ ಸಂಬಳದ 70 ಪರ್ಸೆಂಟ್, ಹೆರಿಗೆಗೆ 26 ವಾರ ಭತ್ಯೆ. ದಾವಣಗೆರೆಯಲ್ಲಿ ಇಎಸ್‌ಐ ಆಸ್ಪತ್ರೆಯೇ ಇದೆ. ಹೆರಿಗೆ ಭತ್ಯೆಯನ್ನು ನಿಗಮ ಕೊಡುವುದರಿಂದ ಅದು ನಿಮ್ಮ ಕೈಯಿಂದ ಹೋಗುವುದಿಲ್ಲ. ಮೇಲಿನ ಎಣ್ಣೆ ಮಿಲ್ಲಿನ ಉತ್ತರ ಓದಿದರೆ ಈ 390 ರೂಪಾಯಿ ಯಾರನ್ನು ಕಾಯುತ್ತದೆ ಅಂತ ಗೊತ್ತಾಗುತ್ತದೆ. ಪಿಎಫ್ ಈಗಲೇ ಬರುವುದಿಲ್ಲ, ಅದು 20 ಜನಕ್ಕೆ.

ಹತ್ತಾದ ಮೇಲೆ ಗ್ರಾಚ್ಯುಟಿಯೂ ಬರುತ್ತದೆ. ಆಮೇಲೆ ಜನ ಕಡಿಮೆಯಾದರೂ ಅದು ಹೋಗುವುದಿಲ್ಲ. ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆ ಪ್ರಕಾರ ಆಂತರಿಕ ಸಮಿತಿಯನ್ನೂ ಮಾಡಬೇಕು. ಅಧ್ಯಕ್ಷೆ ಹೆಣ್ಣುಮಗಳು, ಕನಿಷ್ಠ ಅರ್ಧ ಸದಸ್ಯರು ಹೆಣ್ಣುಮಕ್ಕಳು, ಹೊರಗಿನಿಂದ ಒಬ್ಬರು. ಮಾಡದಿದ್ದರೆ 50 ಸಾವಿರದವರೆಗೆ ದಂಡ. ನಿಮ್ಮಲ್ಲಿ ಎಲ್ಲರೂ ಹೆಣ್ಣುಮಕ್ಕಳೇ ಅಂತ ಬಿಡಬೇಡಿ. ಮಾಲು ಒಯ್ಯಲು ಬರುವ ಡ್ರೈವರ್, ಅಂಗಡಿಯವರು, ಯಾರಿಂದ ತೊಂದರೆಯಾದರೂ ಅವರು ದೂರು ಕೊಡಬೇಕಾದ್ದು ಇಲ್ಲೇ. ಹತ್ತಕ್ಕಿಂತ ಕಡಿಮೆ ಇದ್ದಾಗಲೂ ಕಾನೂನು ಇರುತ್ತದೆ, ಆಗ ದೂರು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಹೋಗುತ್ತದೆ. ಎರಡರಲ್ಲೂ ಗಡುವು ಮೂರು ತಿಂಗಳು. ಈ ಮಾತನ್ನು ಒಲೆ ಮುಂದೆ ಕೂತ ಪ್ರತಿಯೊಬ್ಬರಿಗೂ ನೀವೇ ಹೇಳಿ, ಗೋಡೆ ಮೇಲೂ ಬರೆಸಿ.

ಕನಿಷ್ಠ ವೇತನ ಮಾತ್ರ ಹತ್ತನ್ನು ಕಾಯುವುದಿಲ್ಲ, ಒಬ್ಬರೇ ಇದ್ದರೂ ಕೊಡಬೇಕು. ರೊಟ್ಟಿಗೆ ಇಷ್ಟು ಅಂತ ಲೆಕ್ಕ ಹಾಕಿ ಕೊಡುತ್ತಿದ್ದರೂ ದಿನದ ದುಡಿಮೆಗೆ ಅದು ಕನಿಷ್ಠಕ್ಕಿಂತ ಕಡಿಮೆ ಬೀಳಬಾರದು. ಈ ತಿಂಗಳು ಹೊಸಬರನ್ನು ತಗೊಳ್ಳುವುದಾದರೆ, ಹತ್ತನೆಯವರು ಸೇರಿದ 15 ದಿನದೊಳಗೆ ಇಎಸ್‌ಐ ಪೋರ್ಟಲ್‌ನಲ್ಲಿ ನಿಮ್ಮ ಘಟಕವನ್ನು ನೋಂದಾಯಿಸಿ. ಎಲ್ಲರ ಆಧಾರ್, ಬ್ಯಾಂಕ್ ಪಾಸ್‌ಬುಕ್, ಮನೆಯವರ ವಿವರ ಈಗಲೇ ತೆಗೆದಿಟ್ಟುಕೊಳ್ಳಿ. ಆಮೇಲೆ ಪ್ರತಿ ತಿಂಗಳ ವಂತಿಗೆಯನ್ನು ಮುಂದಿನ ತಿಂಗಳ 15ರೊಳಗೆ ಕಟ್ಟುತ್ತಾ ಹೋಗಿ.